ಒಳಸಾಲಿನ ಚೀಲ

ಚೀಲದ ತುಂಬ ಇದ್ದದ್ದು ಶೇಂಗಾದ ಸಿಪ್ಪೆ; ಬಾಯಿಯ ಹತ್ತಿರ ಮಾತ್ರ ನಾಲ್ಕು ಬೊಗಸೆ ಕಾಯಿ. ಮಲ್ಲಿಕಮ್ಮ ಹಿತ್ತಲ ಕೊಟ್ಟಿಗೆಯಲ್ಲಿ ಬಾಗಿಲು ಮುಂದೆ ಮಾಡಿಕೊಂಡು ಕೂತು, ದಬ್ಬಣಕ್ಕೆ ಸುತಳಿ ಪೋಣಿಸಿ ಆ ಬಾಯಿಯನ್ನು ಹೊಲಿಯುತ್ತಿದ್ದಳು. ಎದುರಿಗೆ ಅವಳ ಗಂಡ ಗುರಪ್ಪ ಇನ್ನೊಂದು ಚೀಲಕ್ಕೆ ಸಿಪ್ಪೆ ತುರುಕುತ್ತಿದ್ದ. ಹೊರಗೆ ಯಾದಗಿರಿಯ ಬಿಸಿಲು ನಾಯಿಯನ್ನೂ ಅಲುಗಾಡಲು ಬಿಡದ ಹೊತ್ತು. ಓಣಿಯ ಜನ ಉಂಡು ಮಲಗಿದ್ದರು. ಕಳ್ಳತನಕ್ಕೆ ಕತ್ತಲೆಯೇ ಬೇಕೆಂದು ಯಾರು ಹೇಳಿದರೋ, ಉಂಡ ಮೇಲಿನ ಹೊತ್ತು ಅದಕ್ಕಿಂತ ಅನುಕೂಲ ಎಂದು ಅವಳಿಗೆ ಆ ವಾರ ತಿಳಿಯಿತು.

"ಗಟ್ಟಿ ತುರುಕ್ರಿ. ಉಪವಾಸ ಬಿದ್ದೋರ ಹೊಟ್ಟಿ ಕಂಡಂಗ ಕಾಣಾಕತ್ತದ" ಎಂದಳು.

"ನಿನಗ ಮಾಡೂ ಮನಸಿಲ್ಲಂದ್ರ ಬಿಡು."

"ಮನಸು ಯಾರಿಗದರಿ? ಮಾಡೂದಾದ್ರ ನೆಟ್ಟಗ ಮಾಡ್ರಿ ಅಂದೆ."

ಗುರಪ್ಪ ಸಗರನಾಡು ಎಣ್ಣೆ ಗಿರಣಿ ಕಂಪನಿಯ ಮ್ಯಾನೇಜರ. ನಿಜಾಮನ ರಾಜ್ಯ ಹೋಗಿ ಈ ಸೀಮೆ ಹಿಂದೂಸ್ತಾನಕ್ಕೆ ಸೇರಿದ ಮೇಲೆ ಊರಲ್ಲಿ ಎದ್ದ ಹೊಸ ಉತ್ಸಾಹಗಳಲ್ಲಿ ಆ ಕಂಪನಿಯೂ ಒಂದು. ಶಹಾಪುರ, ಸುರಪುರದ ರೈತರು, ಮಾಸ್ತರರು, ಸಣ್ಣ ಅಂಗಡಿಯವರು ಅದರಲ್ಲಿ ಪಾಲು ಹಾಕಿದ್ದರು. ಚೇರ್ಮನ್ನರು ನೀಲಕಂಠ ಸಾಹುಕಾರರು. ಅವರ ಅಡತಿ ಅಂಗಡಿಯಲ್ಲಿ ಗುಮಾಸ್ತನಾಗಿದ್ದ ಗುರಪ್ಪನಿಗೆ ಕಂಪನಿ ಒಂದು ಕೋಟು, ಒಂದು ಸೈಕಲ್ಲು, ಗೋದಾಮಿನ ಕೀಲಿ, ಎಲ್ಲವನ್ನೂ ಒಟ್ಟಿಗೆ ಕೊಟ್ಟಿತು. ಬಂದ ಮಾಲನ್ನು ಇಳಿಸಿಕೊಳ್ಳುವವನೂ ಅವನೇ, ಇಷ್ಟು ಬಂತೆಂದು ಬರೆಯುವವನೂ ಅವನೇ. ಕೀಲಿ ಒಬ್ಬನ ಹತ್ತಿರ, ಲೆಕ್ಕ ಇನ್ನೊಬ್ಬನ ಹತ್ತಿರ ಇರಬೇಕೆಂಬ ಬುದ್ಧಿ ಸಾಹುಕಾರರಿಗೆ ಇರಲಿಲ್ಲವೋ, ಇದ್ದೂ ಬೇಡವಾಯಿತೋ, ದೇವರೇ ಬಲ್ಲ.

ಹೋದ ವರ್ಷ ಎಣ್ಣೆಯ ಧಾರಣೆ ಬಿತ್ತು. ಇಂಜಿನ್ನು ಕೆಟ್ಟು ಅರ್ಧ ಸುಗ್ಗಿ ಗಿರಣಿ ನಿಂತಿತು. ಕಂಪನಿಗೆ ಲುಕ್ಸಾನಾಯಿತು. ಆದರೆ ಹೈದರಾಬಾದಿನ ಬ್ಯಾಂಕು ಗೋದಾಮಿನ ಮಾಲಿನ ಮೇಲೆ ಸಾಲ ಕೊಟ್ಟಿತ್ತು, ಮಾಲು ತೋರಿಸಿ ಎನ್ನುತ್ತಿತ್ತು. ಮೊದಲ ಮೀಟಿಂಗಿನಲ್ಲಿ ಸಾಹುಕಾರರು ನೂರಕ್ಕೆ ಎಂಟರಂತೆ ಲಾಭ ಹಂಚುತ್ತೇವೆಂದು ಹೇಳಿ ಜನರಿಂದ ಹಾರ ಹಾಕಿಸಿಕೊಂಡಿದ್ದರು. ಹಾರ ಹಾಕಿಸಿಕೊಂಡ ಕುತ್ತಿಗೆಯನ್ನು ಬಗ್ಗಿಸುವುದು ಬಲು ಕಷ್ಟ.

"ನಾವೇನು ತಿಂತೀವೇನ?" ಎಂದು ಗುರಪ್ಪ ಸಾಹುಕಾರರ ಮಾತನ್ನೇ ಹೆಂಡತಿಗೆ ಒಪ್ಪಿಸಿದ್ದ. "ಒಂದು ಸುಗ್ಗಿ ತನಕ ಅಷ್ಟ. ಹೊಸ ಮಾಲು ಬಂತಂದ್ರ ಸಿಪ್ಪಿ ಚೀಲ ತಗದು ಕಾಯಿ ಚೀಲ ಇಡೂದು. ಈಗ ಖರೇ ಹೇಳಿದಿವಿ ಅಂದ್ರ ಬ್ಯಾಂಕಿನವರು ಕೀಲಿ ಜಡೀತಾರ, ಪಾಲು ಹಾಕಿದ ಎಲ್ಲಾರೂ ಮುಳುಗ್ತಾರ. ನಾವು ಮಾಡೂದು ಮಂದಿ ಉಳೀಲಿ ಅಂತ."

ಮಲ್ಲಿಕಮ್ಮನಿಗೂ ಆಗ ಅದು ಹೌದೆನಿಸಿತ್ತು. ಗಂಡನ ಕೋಟು ಉಳಿಯಬೇಕೆಂಬುದು ಅವಳಿಗೂ ಇತ್ತು. ಮುಂದೆ ಎಷ್ಟೋ ಸಲ ತನ್ನನ್ನು ತಾನು ಬೈದುಕೊಳ್ಳುವಾಗ ಅವಳು ಮೊದಲು ನೆನೆದದ್ದು ಈ 'ಹೌದೆನಿಸಿದ್ದನ್ನೇ'.

ಗಿರಣಿಯಲ್ಲೇ ತುಂಬಿದರೆ ಹಮಾಲರ ಬಾಯಿ ಕಟ್ಟುವವರು ಯಾರು? ಮ್ಯಾನೇಜರನ ಮನೆಗೆ ಒಲೆಗೆಂದು ಸಿಪ್ಪೆಯ ಬಂಡಿ ಬರುವುದು ಮಾತ್ರ ವರ್ಷದ ರೂಢಿ. ಯಾರೂ ತಿರುಗಿ ನೋಡಲಿಲ್ಲ. ಗುರಪ್ಪನ ತಾಯಿ ಸಾಯಬಮ್ಮ ಮಗಳ ಬಾಣಂತನಕ್ಕೆಂದು ಶಹಾಪುರಕ್ಕೆ ಹೋಗಿದ್ದಳು. ತಮ್ಮ ಅಮರಪ್ಪ ಗುರುಮಠಕಲ್ಲಿನ ಶಾಲೆಯಲ್ಲಿ ಮಾಸ್ತರ, ಭಾನುವಾರಕ್ಕೊಮ್ಮೆ ಬರುವವನು. ಮನೆ ಖಾಲಿ, ಕೊಟ್ಟಿಗೆಯಲ್ಲಿ ಎಮ್ಮೆಯೊಂದೇ. ತುಂಬಿದ ಚೀಲಗಳು ಅದೇ ಬಂಡಿಯಲ್ಲಿ ರಾಮಸಮುದ್ರದ ರೈತರ ಮಾಲೆಂಬ ಹೆಸರಿನಲ್ಲಿ ಗೋದಾಮಿಗೆ ಹೋದವು. ಬಂಡಿಯವ ಸಾಹುಕಾರರ ಮನೆಯ ಆಳು, ಇಳಿಸಿಕೊಂಡವನು ಗುರಪ್ಪ.

ಚೀಲ ಹೊಲಿಯುವುದನ್ನು ಮಲ್ಲಿಕಮ್ಮ ಕಲಿತದ್ದು ಅತ್ತೆಯಿಂದ. ಸುರಪುರದಿಂದ ಹೊಸ ಸೊಸೆಯಾಗಿ ಬಂದ ವರ್ಷವೇ ಸಾಯಬಮ್ಮ ಅವಳನ್ನು ಜೋಳದ ಚೀಲದ ಮುಂದೆ ಕೂರಿಸಿ, ಹೊಲಿಗೆ ಮುಗಿಯುವ ಮೂಲೆಯಲ್ಲಿ ಸುತಳಿಯನ್ನು ಜಡೆಯಂತೆ ಹೆಣೆದು ಒಳಕ್ಕೆ ಮಡಚಿ ಹಾಕುವ ಗಂಟನ್ನು ಕಲಿಸಿದ್ದಳು. ಹಮಾಲರು ಹಾಕುವ ಗಂಟು ಜಗ್ಗಿದರೆ ಬಿಚ್ಚುತ್ತದೆ, ಇದು ಬಿಚ್ಚುವುದಿಲ್ಲ. 'ಈ ಗಂಟು ನನ್ನ ತವರಿಂದು. ಬಿಚ್ಚಬೇಕಂದ್ರ ನಾನ ಬರಬೇಕು' ಎಂದು ಮುದುಕಿ ಓಣಿಯಲ್ಲೆಲ್ಲ ಹೇಳಿಕೊಳ್ಳುತ್ತಿದ್ದಳು. ಆ ವಾರ ಮಲ್ಲಿಕಮ್ಮ ಅಷ್ಟೂ ಚೀಲಕ್ಕೆ ಅದೇ ಗಂಟು ಹಾಕಿದಳು. ಕೈಗೆ ಬೇರೆ ಬರುತ್ತಿರಲಿಲ್ಲ, ತಲೆಗೆ ಹೊಳೆಯಲೂ ಇಲ್ಲ.

ವರ್ಷದ ಲೆಕ್ಕ ನೋಡಲು ಹೈದರಾಬಾದಿನಿಂದ ಆಡಿಟರ್ ಸಾಹೇಬರು ಬಂದರು. ಊಟ ಮ್ಯಾನೇಜರನ ಮನೆಯಲ್ಲಿ ಎಂದು ಸಾಹುಕಾರರು ಮೊದಲೇ ಗೊತ್ತು ಮಾಡಿದ್ದರು. ಮಲ್ಲಿಕಮ್ಮ ಹೋಳಿಗೆ, ಮಾವಿನ ಸೀಕರಣಿ, ಪುಂಡಿ ಪಲ್ಯ ಮಾಡಿ ಬಡಿಸಿದಳು.

"ಇನ್ನೊಂದು ಹಾಕಿಸ್ಕೋರಿ ಸಾಹೇಬ್ರ" ಎಂದ ಗುರಪ್ಪ.

"ಸಾಕು, ಸಾಕು. ಗೋದಾಮು ನೋಡೋದಿದೆಯಲ್ಲ."

"ಗೋದಾಮು ಎಲ್ಲಿ ಓಡಿ ಹೋಗ್ತದರಿ? ತುಪ್ಪ ಹಾಕು ಮಲ್ಲಿಕಾ."

ಅವಳು ತುಪ್ಪ ಹಾಕಿದಳು. ಸಾಹೇಬರು ಹೊಟ್ಟೆ ಹಿಡಿದುಕೊಂಡು ಗೋದಾಮಿಗೆ ಹೋಗಿ, ಬಾಗಿಲಲ್ಲೇ ನಿಂತು ಉದ್ದಕ್ಕೆ ಇಷ್ಟು ಚೀಲ, ಅಗಲಕ್ಕೆ ಇಷ್ಟು, ಎತ್ತರಕ್ಕೆ ಇಷ್ಟು ಎಂದು ಗುಣಿಸಿಕೊಂಡರು. ಹೊರಸಾಲಿನ ಒಂದು ಚೀಲ ಬಿಚ್ಚಿಸಿ, ಕಾಯಿ ಸುಲಿದು, ನಾಲ್ಕು ಕಾಳು ಬಾಯಿಗೆ ಹಾಕಿಕೊಂಡು, ಮಾಲು ಚಲೋ ಇದೆ ಎಂದರು. ಹೊರಸಾಲು ಖರೆಯದೇ ಇತ್ತು. ಸಂಜೆಯ ರೈಲಿಗೆ ಅವರನ್ನು ಹತ್ತಿಸಿ ಬಂದ ಗುರಪ್ಪ ಕೋಟು ಬಿಚ್ಚಿ ಗೂಟಕ್ಕೆ ಹಾಕಿ, "ಮುಗೀತು" ಎಂದ. ಮಲ್ಲಿಕಮ್ಮ ಉಳಿದ ಹೋಳಿಗೆಯನ್ನು ತಾನು ತಿನ್ನಲಾರದೆ ಎಮ್ಮೆಗೆ ಹಾಕಿದಳು.

ಮುಗಿಯಿತೆಂದವನಿಗೆ ಅದು ಅಲ್ಲಿಂದಲೇ ಶುರುವಾಗುತ್ತದೆಂದು ಗೊತ್ತಿರಲಿಲ್ಲ.

ಶಹಾಪುರದಿಂದ ಸಾಯಬಮ್ಮ ಮೊಮ್ಮಗನ ಸುದ್ದಿ ಹೊತ್ತು ಬರುವುದಕ್ಕೂ, ಕಂಪನಿ ನೂರಕ್ಕೆ ಎಂಟರಂತೆ ಲಾಭ ಹಂಚುವುದಕ್ಕೂ ಸರಿಯಾಯಿತು. ಹಂಚಿದ್ದು ಬ್ಯಾಂಕಿನ ಸಾಲದ ರೊಕ್ಕವನ್ನು. ಮುದುಕಿಯದೂ ಒಂದು ಪಾಲಿತ್ತು. ಬಂದ ನಾಲ್ಕು ರೂಪಾಯಿಯನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಅವಳು ಓಣಿಯ ಬಾಗಿಲು ಬಾಗಿಲಿಗೂ ಹೋಗಿ ಬಿಚ್ಚಿ ತೋರಿಸಿದಳು. "ನನ್ನ ಮಗ ಕೂಡೋ ಕಂಪನಿ. ರೊಕ್ಕ ಮಲಗಿದಲ್ಲೇ ಮರಿ ಹಾಕ್ತದ" ಎಂದಳು. ಸಾಯಬಮ್ಮನ ಮಾತೆಂದರೆ ಓಣಿಯಲ್ಲಿ ಮಾತು. ಜೋಳ ಅಳೆದು ಕೊಡುವಾಗ ಒಂದು ಎನ್ನದೆ 'ಲಾಭ' ಎಂದು ಮೊದಲ ಸೇರು ಹಾಕಿ, 'ಎರಡು, ಮೂರು' ಎಂದು ಮುಂದಕ್ಕೆ ಹೋಗುವವಳು. ಅವಳ ಸೇರು ಒಂದು ದಿನವೂ ತಲೆ ತಗ್ಗಿಸಿದ್ದನ್ನು ಕಂಡವರಿಲ್ಲ.

ಅದೇ ವೇಳೆಗೆ ಹಾಲಿ ಸಿಕ್ಕಾ ಇನ್ನು ನಡೆಯುವುದಿಲ್ಲವಂತೆ ಎಂಬ ಗಾಳಿ ಎದ್ದಿತ್ತು. ನಿಜಾಮನ ಕಾಲದ ಆ ರೊಕ್ಕ ಹೋಗಿ ಎಲ್ಲ ಕಡೆ ಹಿಂದೂಸ್ತಾನದ ಕಲ್ದಾರವೇ ಆಗುವುದಿತ್ತು. ಏಳು ಹಾಲಿಗೆ ಆರು ಕಲ್ದಾರ. ಗೋಡೆಯ ಸಂದಿನಿಂದ, ಒಲೆಯ ಮಗ್ಗುಲ ನೆಲದಿಂದ, ಗಂಡನಿಗೂ ಹೇಳದೆ ಕೂಡಿಟ್ಟ ಗಡಿಗೆಗಳಿಂದ ಹೆಂಗಸರ ರೊಕ್ಕ ಹೊರಗೆ ಬಿತ್ತು. ಬ್ಯಾಂಕಿನ ಕಂತು ಕುತ್ತಿಗೆಗೆ ಬಂದಿದ್ದ ಸಾಹುಕಾರರು ಇದನ್ನು ಬಿಡುವರೇ? ಹಾಲಿ ತಂದು ಪಾಲು ಹಾಕಿದವರಿಗೆ ಒಂದಕ್ಕೊಂದು ಕಲ್ದಾರದ ಲೆಕ್ಕದಲ್ಲೇ ಹಿಡಿಯುತ್ತೇವೆ ಎಂದು ಸಾರಿಸಿದರು.

ಭಾನುವಾರ ಅಮರಪ್ಪನೂ ಊಟಕ್ಕಿದ್ದ. ಸಾಯಬಮ್ಮ ರೊಟ್ಟಿ ಮುರಿಯುತ್ತ ಹೇಳಿದಳು.

"ಗುರಪ್ಪಾ, ಓಣ್ಯಾಗಿನ ಹೆಣ್ಣುಮಕ್ಕಳ ರೊಕ್ಕ ನಾ ಕೂಡಸಾಕತ್ತೀನಿ. ಎಲ್ಲಾರ ಹೆಸರಿಲೆ ಪಾಲು ಬರಸಿಬಿಡು."

ಗುರಪ್ಪನ ತುತ್ತು ಅಲ್ಲೇ ನಿಂತಿತು. "ಪಾಲು ಮುಗದಾವ ಬೇ."

"ಸಾಹುಕಾರ್ರು ನಿನ್ನೆ ಗುಡಿ ಕಟ್ಟಿಮ್ಯಾಲ ಕುಂತು ಇನ್ನೂ ಅದಾವ ಅಂದ್ರಲ್ಲ?"

"ಅವರಿಗೇನು ಗೊತ್ತು?"

"ಚೇರ್ಮನ್ನಗ ಗೊತ್ತಿಲ್ಲ, ನಿನಗ ಗೊತ್ತದ. ಭಾಳ ದೊಡ್ಡಾವ ಆದಿ ಮಗನ."

ಅಮರಪ್ಪ ಶೇಂಗಾ ಹಿಂಡಿಗೆ ಎಣ್ಣೆ ಕಲೆಸುತ್ತಿದ್ದವನು ತಲೆ ಎತ್ತಿದ. "ಅಣ್ಣಾ, ಒಂದು ಕೇಳ್ತೀನಿ. ಏಳಕ್ಕ ಆರು ಬರೂ ರೊಕ್ಕ ಏಳಕ್ಕ ಏಳು ಹಿಡಿಯೋ ವ್ಯಾಪಾರಿ ಯಾವೂರಾಗ ಅದಾನ? ಅಷ್ಟು ಲಾಭ ಬಂದ ಕಂಪನಿಗೆ ಮುದುಕ್ಯಾರ ಗಡಿಗಿ ರೊಕ್ಕ ಯಾಕ ಬೇಕು?"

"ನೀ ಹುಡುಗರಿಗೆ ಮಗ್ಗಿ ಹೇಳಿಕೊಡು. ಕಂಪನಿ ವಿಚಾರ ನಿನಗ ತಿಳ್ಯಾಂಗಿಲ್ಲ."

"ಮಗ್ಗಿ ಹೇಳಾವ ಅಂತನ ಕೇಳಿದೆ."

"ಉಣ್ಣು, ಸುಮ್ಮನ ಉಣ್ಣು" ಎಂದು ಸಾಯಬಮ್ಮ ಕಿರಿಯವನನ್ನು ಗದರಿಸಿ ಹಿರಿಯವನ ಕಡೆ ತಿರುಗಿದಳು. "ಖರೇ ಹೇಳು. ಉಳದ ಪಾಲು ಹೇಣ್ತಿ ತವರಿನವರಿಗೆ ಅಂತ ಮುಚ್ಚಿಟ್ಟೀಯೇನು? ಸುರಪುರದವರು ಬಂದು ಹೋದದ್ದು ನನಗ ಗೊತ್ತದ."

ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ಮಲ್ಲಿಕಮ್ಮನ ಕೈ ತಡೆಯಿತು. ಇಲ್ಲ ಎನ್ನಬಹುದಿತ್ತು. ಇಲ್ಲ ಎಂದರೆ ಮತ್ಯಾಕೆ ಎಂಬ ಮಾತು ಬರುತ್ತದೆ. ಹೆಂಚಿನ ಮೇಲೆ ರೊಟ್ಟಿ ಹೊತ್ತಿತು, ಅವಳು ಹೊತ್ತಿದ್ದನ್ನು ತನ್ನ ತಾಟಿಗೆ ಇಟ್ಟುಕೊಂಡಳು. ಮಾಡದ ತಪ್ಪಿಗೆ ಬೈಸಿಕೊಂಡು ಮಾಡಿದ ತಪ್ಪನ್ನು ಮುಚ್ಚಿದ್ದಾಯಿತು.

ಸಂಜೆ ಸಾಹುಕಾರರೇ ಮನೆಗೆ ಬಂದು ಕಟ್ಟೆಯ ಮೇಲೆ ಕೂತು, "ಅವ್ವಾರ, ನಿಮ್ಮಂಥವರಿಗೆ ಕಂಪನಿ ಬಾಗಲಾ ಮುಚ್ಚತೀವೇನ್ರಿ?" ಎಂದು ನಕ್ಕು ಹೋದರು. ಅಲ್ಲಿಗೆ ಗುರಪ್ಪನ ಮಾತು ಬಿತ್ತು.

ಓಣಿಯಲ್ಲಿ ಕೊನೆಯ ತನಕ ರೊಕ್ಕ ಕೊಡದೆ ತಡೆದವಳು ಪಕ್ಕದ ಮನೆಯ ಇಮಾಮಬೀ. ಗಂಡ ಸ್ಟೇಷನ್ನಿನಲ್ಲಿ ಟಾಂಗಾ ಹೊಡೆಯುತ್ತಿದ್ದ. ನಿಜಾಮನ ರಾಜ್ಯ ಹೋದ ಗದ್ದಲದ ವರ್ಷ ಹೊರಗೆ ಹೋದವನು ತಿರುಗಿ ಬರಲಿಲ್ಲ. ಕುದುರೆ, ಟಾಂಗಾ ಮಾರಿದ ರೊಕ್ಕವನ್ನು ಹಸಿರು ಬಟ್ಟೆಯಲ್ಲಿ ಕಟ್ಟಿಟ್ಟು, ಮಗಳು ಖಾಜಾಬೀಯ ಮದುವೆಗೆಂದು ಕಾದುಕೊಂಡಿದ್ದಳು. ಶಾವಿಗೆ ಹೊಸೆದು ಹೊಟ್ಟೆ ಹೊರೆದರೂ ಆ ಗಂಟಿಗೆ ಕೈ ಹಚ್ಚಿದವಳಲ್ಲ. ಒಂದು ಮುಂಜಾನೆ ಬಾವಿಯ ಹತ್ತಿರ ಬೇರೆ ಹೆಂಗಸರು ಹೋಗುವ ತನಕ ನಿಂತು ಮಲ್ಲಿಕಮ್ಮನ ಕೊಡಕ್ಕೆ ಕೈ ಹಾಕಿದಳು.

"ತಂಗಿ, ನಿನ್ನ ಒಂದು ಮಾತು ಕೇಳ್ಬೇಕು."

"ಕೇಳ ಅಕ್ಕಾ."

"ಎಲ್ಲಾರೂ ಹಾಕ್ಯಾರ. ಸಾಯಬವ್ವ ದಿನಾ ಬಂದು ಹೇಳಾಕತ್ಯಾಳ. ಆದ್ರ ಆಕಿ ಮಗನ ಮ್ಯಾಲಿನ ಮೋಹದಾಗ ಹೇಳ್ತಾಳ. ನಿನ್ನ ಗಂಡ ಅಲ್ಲೇ ಇರ್ತಾನ, ನಿನಗ ಒಳಗಿಂದು ಗೊತ್ತಿರ್ತದ. ನೀ ಹೇಳು, ಹಾಕ್ಲೇನ ಬ್ಯಾಡೇನ?"

ಮಲ್ಲಿಕಮ್ಮ ಹಗ್ಗ ಹಿಡಿದು ನಿಂತಳು. 'ಬ್ಯಾಡ' ಎನ್ನುವುದು ಒಂದೇ ಮಾತು. ಆಮೇಲೆ ಯಾಕೆ ಎಂದು ಇಮಾಮಬೀ ಕೇಳುತ್ತಾಳೆ, ಸಂಜೆಗೆ ಓಣಿ ಕೇಳುತ್ತದೆ, ಮರುದಿನ ಪೊಲೀಸು ಕೇಳುತ್ತದೆ. ಗೂಟದಲ್ಲಿ ತೂಗುವ ಕೋಟು ಕಣ್ಣಿಗೆ ಕಟ್ಟಿತು.

"ನಮ್ಮತ್ತಿ ಹೇಳ್ಯಾರಲ್ಲ ಅಕ್ಕಾ" ಎಂದಳು. "ಅವರು ತಿಳಿದವರು."

"ಹಂಗಾದ್ರ ಹಾಕ್ತೀನಿ."

ಇಮಾಮಬೀ ತುಂಬಿದ ಕೊಡವನ್ನು ಮಲ್ಲಿಕಮ್ಮನ ಸೊಂಟಕ್ಕೆ ಎತ್ತಿ ಕೊಟ್ಟು ಹೋದಳು. ದಾರಿಯುದ್ದಕ್ಕೂ ಮಲ್ಲಿಕಮ್ಮನಿಗೆ ಅಳು ಬಂತು, ತನ್ನ ಮೇಲೆಯೇ ಹೇಸಿಕೆ ಬಂತು. ಆದರೂ ತಿರುಗಿ ಹೋಗಲಿಲ್ಲ.

ಅಂದು ಗಂಡ ಊಟಕ್ಕೆ ಬಂದಾಗ ಜಗಳವಾಡಿದಳು.

"ಆಕಿ ರೊಕ್ಕ ಬ್ಯಾಡ್ರಿ. ಆಕಿಗೆ ಮುಂದಿಲ್ಲ ಹಿಂದಿಲ್ಲ."

"ನಾ ಬ್ಯಾಡಂದಿದ್ದಿಲ್ಲೇನು? ಅವ್ವ ಕೇಳಿದಳೇನು?"

"ನಿಮ್ಮವ್ವಗ ಖರೇ ಹೇಳ್ರಿ."

"ನೀನ ಹೇಳು. ಹೊಲದಾಕಿ ನೀನ ಅದಿ."

ಕಡೆಗೆ ಅವನೇ ಒಂದು ಉಪಾಯ ಹೇಳಿದ. ರೊಕ್ಕ ಕಂಪನಿಗೆ ಕಟ್ಟುವುದು ಬೇಡ. ಸುಗ್ಗಿಯ ತನಕ ಮನೆಯಲ್ಲೇ ಇರಲಿ. ಸುಗ್ಗಿಯಲ್ಲಿ ಎಲ್ಲ ಸರಿಹೋದರೆ ಕಟ್ಟೋಣ, ಇಲ್ಲವಾದರೆ ಏನಾದರೂ ನೆವ ಹೇಳಿ ತಿರುಗಿ ಕೊಡೋಣ. ಮಲ್ಲಿಕಮ್ಮ ಅತ್ತೆ ಕೂಡಿಸಿ ತಂದ ರೊಕ್ಕದ ಗಂಟುಗಳನ್ನೆಲ್ಲ ಜೋಳದ ಗಡಿಗೆಯ ತಳದಲ್ಲಿ ಇಟ್ಟಳು. ಹಸಿರು ಗಂಟನ್ನು ಎಲ್ಲಕ್ಕಿಂತ ಕೆಳಗೆ ಇಟ್ಟಳು. ಜೋಳ ತೆಗೆಯುವಾಗೆಲ್ಲ ಕೈ ಅಲ್ಲಿಯ ತನಕ ಹೋಗಿ ಮುಟ್ಟಿ ಬರುತ್ತಿತ್ತು. ಅಷ್ಟು ದಿನ ಅವಳು ಸ್ವಲ್ಪ ಉಂಡಳು, ಸ್ವಲ್ಪ ನಿದ್ದೆ ಮಾಡಿದಳು.

ಶ್ರಾವಣ ಹತ್ತಿರ ಬಂತು. ಬ್ಯಾಂಕಿನವರ ಕಾಗದವೂ ಬಂತು. ಗುರಪ್ಪ ಹಗಲೇ ಮನೆಗೆ ಬಂದ. ಬಾಗಿಲಲ್ಲಿ ಸಾಹುಕಾರರ ಬಂಡಿ ನಿಂತಿತ್ತು.

"ಗಡಿಗ್ಯಾಗಿಂದು ತಗಿ."

"ಸುಗ್ಗಿ ತನಕ ಅಂದಿದ್ರಿ."

"ಈ ಕಂತು ಕಟ್ಟಲಿಲ್ಲಂದ್ರ ಬ್ಯಾಂಕಿನ ಮನಶ್ಯಾ ಬಂದು ಒಂದೊಂದ ಚೀಲ ತೂಗ್ತಾನಂತ. ಆಮ್ಯಾಲ ಸುಗ್ಗಿ ನೋಡಾಕ ನಾ ಮನ್ಯಾಗ ಇರಾಂಗಿಲ್ಲ, ಜೇಲಿನ್ಯಾಗ ಇರ್ತೀನಿ."

ಅವಳು ಜೋಳ ಬಗೆದು ಗಂಟುಗಳನ್ನು ಒಂದೊಂದಾಗಿ ತೆಗೆದುಕೊಟ್ಟಳು. ಹಸಿರು ಗಂಟನ್ನು ಮಾತ್ರ ತೊಡೆಯ ಕೆಳಗೆ ಸರಿಸಿಕೊಂಡಳು. ಗುರಪ್ಪ ಕೈ ಚಾಚಿಯೇ ನಿಂತಿದ್ದ.

"ಅದೂ ಕೊಡು."

"ಇದೊಂದು ಬಿಡ್ರಿ. ನಿಮ್ಮ ಕಾಲು ಬೀಳ್ತೀನಿ."

"ಲೆಕ್ಕಕ್ಕ ಕಮ್ಮಿ ಬೀಳ್ತದ. ಕೊಡು."

ಅವನ ಕಣ್ಣಲ್ಲೂ ನೀರಿತ್ತು. ಕಟುಕನಿಗೂ ಒಮ್ಮೊಮ್ಮೆ ಬರುತ್ತದೆ, ಕತ್ತಿ ನಿಲ್ಲುವುದಿಲ್ಲ. ಅವಳು ಕೊಟ್ಟಳು. ಯಾರೂ ಕಿತ್ತುಕೊಳ್ಳಲಿಲ್ಲ, ತಾನೇ ಕೈಯೆತ್ತಿ ಕೊಟ್ಟಳು. ಗುರಪ್ಪ ಕೋಟು ಹಾಕಿಕೊಂಡು ಸಾಹುಕಾರರ ಜೊತೆ ಹೈದರಾಬಾದಿನ ರೈಲು ಹತ್ತಿದ. ಗೋದಾಮಿನ ಕೀಲಿ ದೇವರ ಮಾಡದಲ್ಲಿ ಉಳಿಯಿತು.

ನಾಗರ ಪಂಚಮಿಗೆ ಉಂಡಿ ಕಟ್ಟದ ಮನೆ ಆ ಸೀಮೆಯಲ್ಲಿಲ್ಲ. ಎಳ್ಳುಂಡಿ, ತಂಬಿಟ್ಟು, ಅಳ್ಳು ಇದ್ದರೂ ಶೇಂಗಾ ಉಂಡಿ ಇಲ್ಲದಿದ್ದರೆ ತವರಿಗೆ ಬಂದ ಹೆಣ್ಣುಮಕ್ಕಳು ಮುಖ ಗಂಟು ಹಾಕುತ್ತಾರೆ. ಈ ವರ್ಷ ಪೇಟೆಯಲ್ಲಿ ಶೇಂಗಾ ತುಟ್ಟಿ. ಸಾಯಬಮ್ಮ ಅಂದಳು: "ಪ್ಯಾಟಿಗೆ ಯಾಕ ಹೋಗೂದು? ನಮ್ಮ ಗೋದಾಮು ತುಂಬಿ ತುಳುಕಾಕತ್ತದ. ಒಂದು ಚೀಲ ತರೂಣು. ಪಾಲು ಹಾಕಿದ ಹೆಣ್ಣುಮಕ್ಕಳಿಗೆಲ್ಲ ನಾನ ಸೇರಿಲೆ ಅಳದು ಕೊಡ್ತೀನಿ. ರೊಕ್ಕ ಗುರಪ್ಪನ ಪಗಾರದಾಗ ಹಿಡೀಲಿ."

"ಅವರು ಬರ್ಲಿ ಅತ್ತಿ."

"ಅವ ಬರೂದ್ರಾಗ ಹಬ್ಬ ಮುಗದು ಹೋಗ್ತದ. ನಡಿ."

ಮುದುಕಿ ಕೀಲಿ ತೆಗೆದುಕೊಂಡು ಹೊರಟೇಬಿಟ್ಟಳು. ಮಲ್ಲಿಕಮ್ಮ ಹಿಂದೆ ಹಿಂದೆ ಹೋದಳು. ಮ್ಯಾನೇಜರನ ತಾಯಿಯನ್ನು ತಡೆಯುವ ಧೈರ್ಯ ಕಾವಲುಗಾರ ಚಾಂದಪಾಶಾನಿಗೆ ಎಲ್ಲಿಯದು? ಅವನೇ ಬಾಗಿಲು ತೆರೆದು, ಚೀಲ ಹೊರಲು ಕರೆಯಿರಿ ಎಂದು ಹೊರಗೆ ಕೂತ.

ಮಳೆಯ ಎರಚಲಿಗೆ ಬಾಗಿಲ ಕಡೆಯ ಸಾಲು ನೆಂದು ಬೂಸ್ಟು ಹಿಡಿದಿತ್ತು. ಸಾಯಬಮ್ಮ ಮೂಸಿ ನೋಡಿ ಮುಖ ಕಿವುಚಿದಳು. "ಇವು ಕಹಿ ಆಗ್ಯಾವ. ಒಳಗಿನ ಸಾಲಿಂದು ತಗೀಬೇಕು."

"ಬ್ಯಾಡ್ರಿ ಅತ್ತಿ. ಇದ ಸಾಕು, ಬಿಸಲಿಗೆ ಹಾಕಿದ್ರ ಆಗ್ತದ."

"ಪಂಚಮಿ ಉಂಡಿಗೆ ಕಹಿ ಕಾಯಿ ಹಾಕ್ತಾರೇನ?"

ಸಂದಿಯಲ್ಲಿ ನುಗ್ಗಿ, ಒಳಸಾಲಿನ ಮೇಲಿನ ಚೀಲದ ಕಿವಿ ಹಿಡಿದು, ಅಲುಗಾಡಿಸಿ ನೋಡೋಣವೆಂದು ಮುದುಕಿ ಜಗ್ಗಿದಳು. ಚೀಲ ಸರಕ್ಕನೆ ಬಂದು ಅವಳ ಎದೆಗೆ ಬಿತ್ತು. ಎರಡಾಳು ಎತ್ತಬೇಕಾದ ಚೀಲವನ್ನು ಅಪ್ಪಿಕೊಂಡು ಅವಳು ಹಿಂದಕ್ಕೆ ಎರಡು ಹೆಜ್ಜೆ ಬಂದು ನೆಲಕ್ಕೆ ಕೂತಳು. ಬಿದ್ದದ್ದಕ್ಕೆ ನೋವಾಗಲಿಲ್ಲ. ಶಹಾಪುರದ ಮೊಮ್ಮಗನನ್ನು ಎತ್ತಿಕೊಂಡಂತೆ ಚೀಲ ತೊಡೆಯ ಮೇಲಿತ್ತು.

ಮಲ್ಲಿಕಮ್ಮ ಕಂಬ ಹಿಡಿದುಕೊಂಡಳು.

ಸಾಯಬಮ್ಮ ಚೀಲವನ್ನು ತಿರುಗಿಸಿ ಬಾಯಿಯ ಹೊಲಿಗೆಯ ಮೇಲೆ ಬೆರಳಾಡಿಸುತ್ತ ಹೋದಳು. ಮೂಲೆಗೆ ಬಂದಾಗ ಬೆರಳು ನಿಂತಿತು. ಬಹಳ ಹೊತ್ತು ಗಂಟನ್ನೇ ಸವರಿದ ಮೇಲೆ ಸೊಸೆಯ ಮುಖ ನೋಡಿದಳು.

"ಇದು ಹಮಾಲರು ಹಾಕಿದ್ದಲ್ಲ."

ಚಾಕು ಇಲ್ಲದೆಯೇ ಮುದುಕಿ ಉಗುರಿನಿಂದ ಜಡೆ ಸಡಿಲಿಸಿ, ಒಳಮಡಿಕೆ ಎಳೆದು, ಗಂಟನ್ನು ಬಿಚ್ಚಿದಳು. ನಾಲ್ಕು ಬೊಗಸೆ ಕಾಯಿ ಉದುರಿತು. ಹಿಂದೆಯೇ ಸಿಪ್ಪೆ ಸುರಿಯಿತು.

"ಎಷ್ಟು ಚೀಲ?"

"ಒಳಗಿನ ಸಾಲೆಲ್ಲ."

"ನೀನ ಹೊಲದ್ಯಾ?"

"ಹೌದ್ರಿ. ಅವರು ತುಂಬಿದ್ರು."

"ನಾ ಕೂಸಿಗೆ ಎರಕೋತ ಶಹಾಪುರದಾಗ ಇದ್ದಾಗ."

"ಹೌದ್ರಿ."

ಹೊರಗಿನಿಂದ ಚಾಂದಪಾಶಾ ಕೂಗಿದ: "ಅವ್ವಾ, ಚೀಲ ಹೊರಾಕ ಬರ್ಲೇನ್ರಿ?"

"ಬ್ಯಾಡಪ್ಪಾ" ಎಂದಳು ಸಾಯಬಮ್ಮ. "ಭಾರ ಇಲ್ಲ."

ಮನೆಗೆ ಬಂದರೆ ಕಟ್ಟೆಯ ಮೇಲೆ ಓಣಿಯ ಹೆಂಗಸರು ಬುಟ್ಟಿ, ಮೊರ ಹಿಡಿದು ಕೂತಿದ್ದರು. ಸಾಯಬಮ್ಮ ಅವರನ್ನು ದಾಟಿ ಒಳಗೆ ಹೋಗಿ ಮಲಗಿಬಿಟ್ಟಳು. ಮೈಯಲ್ಲಿ ಆರಾಮಿಲ್ಲ ಎಂದು ಮಲ್ಲಿಕಮ್ಮ ಹೇಳಿ ಕಳಿಸಿದಳು. ಅದೂ ಒಂದು ಸುಳ್ಳೇ, ಆದರೆ ಅಷ್ಟರಲ್ಲಿ ಅವಳಿಗೆ ಸುಳ್ಳು ಕೈಹೊಲಿಗೆಯಷ್ಟು ಸಲೀಸಾಗಿತ್ತು. ಆ ವರ್ಷ ಆ ಮನೆಯಲ್ಲಿ ಉಂಡಿ ಕಟ್ಟಲಿಲ್ಲ. ಹುತ್ತಕ್ಕೆ ಹಾಲೆರೆಯಲು ಸಾಯಬಮ್ಮ ಒಬ್ಬಳೇ ಹೋಗಿ ಬಂದಳು.

ಹಬ್ಬದ ಮರುದಿನ ಗುರಪ್ಪ ಬಂದ. ತಾಟಿನ ಮುಂದೆ ಕೂತವನಿಗೆ ತಾಯಿ ತಾನೇ ಬಡಿಸಿದಳು. ತಾಟಿನಲ್ಲಿ ಒಂದು ಬೊಗಸೆ ಶೇಂಗಾ ಸಿಪ್ಪೆ ಇತ್ತು.

ಅವನು ಹೆಂಡತಿಯ ಕಡೆ ನೋಡಿದ.

"ಆಕಿ ಹೇಳಿಲ್ಲ. ಗಂಟು ಹೇಳ್ತು" ಎಂದಳು ಸಾಯಬಮ್ಮ. "ಮಂದಿ ರೊಕ್ಕ ಎಲ್ಲಿ?"

"ಬ್ಯಾಂಕಿಗೆ ಕಟ್ಟಿ ಬಂದೀವಿ. ಯವ್ವಾ, ಒಂದು ಸುಗ್ಗಿ ತಡಿ. ಎಲ್ಲಾರೂ ಉಳೀಲಿ ಅಂತನ ಮಾಡಿದ್ದು. ನಾ ಒಂದು ದುಡ್ಡು ತಿಂದಿಲ್ಲ."

"ಜ್ವಾಳ ಅಳೆಯೂ ಮುಂದ ಮೊದಲನೇ ಸೇರಿಗೆ ನಾ ಲಾಭ ಅಂತೀನಿ. ಯಾಕ ಅಂತೀನಿ? ಸೇರು ತುಂಬಿರ್ತದ, ಅದಕ್ಕ ಅಂತೀನಿ. ಸಿಪ್ಪಿ ಹಾಕಿ ಲಾಭ ಅನ್ನಾಕ ನಿನಗ ಯಾರು ಕಲಿಸಿದ್ರು?"

"ಸಾಹುಕಾರ್ರು..."

"ಸಾಹುಕಾರ್ರು ನನ್ನ ಹೊಟ್ಟ್ಯಾಗ ಹುಟ್ಟಿಲ್ಲ." ಮುದುಕಿಯ ದನಿ ಒಡೆಯಿತು. "ಓಣಿ ಮಂದಿ ಕಂಪನಿ ಮಾರಿ ನೋಡಿ ಕೊಡಲಿಲ್ಲೋ. ನನ್ನ ಮಾರಿ ನೋಡಿ ಕೊಟ್ರು. ನಿಮ್ಮ ಗೋದಾಮಿನ ಹೊರಸಾಲು ನಾನ ಆದೆ."

"ಈಗ ಹೇಳಿದಿ ಅಂದ್ರ ನನ್ನ ಹಿಡಕೊಂಡು ಹೋಗ್ತಾರ ಬೇ."

"ಹೋಗು. ನಾ ಬುತ್ತಿ ಕಟ್ಟಿಕೊಂಡು ಬರ್ತೀನಿ."

ಮರುದಿನ ಮುಂಜಾನೆ ಗುರಪ್ಪ ಸ್ನಾನ ಮಾಡಿ, ಕೋಟು ಹಾಕದೆ, ಕಟ್ಟೆಯ ಮೇಲೆ ಬಂದು ಕೂತ. ಗಿರಣಿಗೆ ಹೋಗಲಿಲ್ಲ. ಸಾಯಬಮ್ಮ ಪೆಟ್ಟಿಗೆ ತೆಗೆದು ತನ್ನ ಬೆಳ್ಳಿಯ ಡಾಬನ್ನು ಸೆರಗಿನಲ್ಲಿ ಮುಚ್ಚಿಕೊಂಡು, "ನೀನೂ ನಡಿ" ಎಂದು ಸೊಸೆಯನ್ನು ಕರೆದಳು.

"ನಾ ಏನು ಹೇಳ್ಲಿ ಅತ್ತಿ?"

"ನಾ ಏನು ಮಾಡೀನೋ ಅದು ನಾ ಹೇಳ್ತೀನಿ. ನೀ ಏನು ಮಾಡೀಯೋ ಅದು ನೀ ಹೇಳು."

ಮೊದಲ ಮನೆ ಇಮಾಮಬೀಯದು. ಅವಳು ಶಾವಿಗೆಯ ಮಣೆ ಮುಂದಿಟ್ಟುಕೊಂಡು ಕೂತಿದ್ದಳು. ಒಳಗೆ ಖಾಜಾಬೀ ಹಿಟ್ಟು ನಾದುತ್ತಿದ್ದಳು. ಸಾಯಬಮ್ಮ ಚಾಪೆಯ ಮೇಲೆ ಕೂರದೆ ಬರಿ ನೆಲದ ಮೇಲೆ ಕೂತು, ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಗೋದಾಮಿನಲ್ಲಿ ಇರುವುದು ಸಿಪ್ಪೆ, ಹಂಚಿದ ಲಾಭ ಸುಳ್ಳು, ರೊಕ್ಕ ಬ್ಯಾಂಕಿಗೆ ಹೋಯಿತು. ಡಾಬನ್ನು ಬಿಚ್ಚಿ ಮುಂದಿಟ್ಟಳು. "ಇದು ನಿನ್ನ ರೊಕ್ಕದ ಅರ್ಧಕ್ಕೂ ಬರಾಂಗಿಲ್ಲ. ಉಳದದ್ದು ನಾ ಇರೂತನಕ ದುಡದು ಕೊಡ್ತೀನಿ. ನನ್ನ ಮಾತು ಕೇಳಿ ನೀ ಕೆಟ್ಟಿ."

ಇಮಾಮಬೀ ಬೈಯಲಿಲ್ಲ. ಡಾಬನ್ನು ಎತ್ತಿ ತೂಕ ನೋಡಿ, ಒಳಗೆ ಮಗಳ ಕೈಗೆ ಕೊಟ್ಟು ಬಂದಳು. ಬೇಡ ಎನ್ನುವಷ್ಟು ಸಿರಿವಂತಿಕೆ ಅವಳಿಗಿರಲಿಲ್ಲ. ಬಂದು ನಿಂತೇ ಇದ್ದಳು. ಮಲ್ಲಿಕಮ್ಮ ತಲೆ ತಗ್ಗಿಸಿ, "ಆ ಚೀಲ ಹೊಲದಾಕಿ ನಾನ ಅಕ್ಕಾ" ಎಂದಳು. ಇನ್ನೂ ಏನೋ ಹೇಳಬೇಕೆಂದಿದ್ದಳು. ಗಂಡ, ಜೇಲು, ಹೆದರಿಕೆ. ಅಷ್ಟರಲ್ಲಿ ಇಮಾಮಬೀ ಕೇಳಿದಳು:

"ಬಾವಿ ಕಡೆ ನಿಂತಾಗ ಹೊಲದಿದ್ದೇನ, ಆಮ್ಯಾಲ ಹೊಲದೇನ?"

"ಮೊದಲ ಹೊಲದಿದ್ದೆ."

ಇಮಾಮಬೀ ಕೈಗೆ ಹತ್ತಿದ ಹಿಟ್ಟನ್ನು ಸೆರಗಿಗೆ ಒರೆಸಿಕೊಂಡಳು.

"ಸಾಯಬವ್ವ ತನಗ ತಿಳೀಲಾರದ ಹೇಳಿದಳು. ಆಕಿ ಮಾತಿನ ಮ್ಯಾಲ ನಾ ಹಾಕಿದ್ದಿಲ್ಲ" ಎಂದಳು. "ನಾ ನಿನ್ನ ಕೇಳಿದ್ದೆ, ತಂಗಿ."

ಮತ್ತೆ ಶಾವಿಗೆಯ ಮಣೆಗೆ ಕೂತಳು. ಅತ್ತೆ ಎದ್ದು ಮುಂದಿನ ಮನೆಯ ಕಡೆ ನಡೆದಳು. ಮಲ್ಲಿಕಮ್ಮನೂ ಹೋಗಬೇಕಿತ್ತು, ಇನ್ನೂ ಓಣಿಯೆಲ್ಲ ಉಳಿದಿತ್ತು. ಹೊಸ್ತಿಲು ದಾಟಲು ಮಾತ್ರ ಅವಳ ಕಾಲು ಬಹಳ ಹೊತ್ತು ಬರಲಿಲ್ಲ.